ರೈಡರು ವಾಪಸ್ ಹೋಗಬೇಕಿಲ್ಲದ ಆಟ

ಹೋದ ತಿಂಗಳು ನಾಗಮಂಗಲದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹುಡುಗ, ತಾನು ಹೊಸದಾಗಿ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಸೇರಿದ್ದೇನೆ ಎಂದು ಪರಿಚಯ ಹೇಳಿಕೊಂಡ. ನಾನೂ ಅದೇ ಕೆಲಸ ಮಾಡಿ ನಿವೃತ್ತನಾದವನೆಂದು ಯಾರೋ ಅವನಿಗೆ ಹೇಳಿದ್ದರು. "ಸರ್, ಈ ಕೆಲಸದಲ್ಲಿ ಮೊದ್ಲು ಏನ್ ಕಲೀಬೇಕು?" ಅಂತ ಕೇಳಿದ. ನನ್ನ ಬಾಯಿ ತುಂಬ ಹೋಳಿಗೆ. ನುಂಗಿಕೊಂಡು, "ಸ್ಪೋರ್ಟ್ಸ್ ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ತಿಳ್ಕೊಳಪ್ಪ" ಎಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಆ ಬೀಗದ ಕೈಗಾಗಿ ಪ್ರಾಂಶುಪಾಲರ ಹಿಂದೆ, ಜವಾನರ ಹಿಂದೆ, ಒಮ್ಮೆಯಂತೂ ಗುಮಾಸ್ತರೊಬ್ಬರ ಮಾವನ ಮನೆವರೆಗೂ ಅಲೆದವನು ನಾನು.

ಆದರೆ ಎಲೆ ಮಡಿಸಿ ಏಳುವ ಹೊತ್ತಿಗೆ ಆ ಉತ್ತರ ಸಾಲದು ಅನ್ನಿಸಿತು. ಹುಡುಗ ಆಸೆಯಿಂದ ಕೇಳಿದ್ದ. ಸರಿಯಾದ ಉತ್ತರ ಕೊಡಬೇಕೆಂದರೆ ನಂಜುಂಡನ ಕಥೆ ಹೇಳಬೇಕು. ನಂಜುಂಡ ನನ್ನ ಕೊನೆಯ ಕಾಲೇಜಿನ ಫುಟ್ಬಾಲ್ ತಂಡದ ಗೋಲ್‌ಕೀಪರು. ಒಂದೇ ಪಂದ್ಯದಲ್ಲಿ ಏಳು ಗೋಲು ತಿಂದು, ಇನ್ನು ಈ ಕಂಬಗಳ ಮಧ್ಯೆ ಕಾಲಿಡುವುದಿಲ್ಲ ಎಂದು ಕೈಗವಸು ಬಿಚ್ಚಿಟ್ಟು ಹೋದ ಹುಡುಗ. ಅವನು ಮತ್ತೆ ಬಂದು ನಿಂತನೋ ಇಲ್ಲವೋ ಎನ್ನುವುದರಲ್ಲಿ ಈ ಕೆಲಸದ ಬಹುಪಾಲು ಅಡಗಿದೆ ಎಂದು ನನಗೀಗ ಅನ್ನಿಸುತ್ತದೆ. ಅಲ್ಲಿಗೆ ಬರುವ ಮುನ್ನ ನಾನು ಎಂಥ ಆಸಾಮಿ ಎಂದು ಸ್ವಲ್ಪ ಹೇಳಿಬಿಡುತ್ತೇನೆ.

ನಾನು ಪಾಂಡವಪುರ ಕಡೆಯ ರೈತರ ಮನೆಯವನು, ಕಬಡ್ಡಿ ಆಟಗಾರ. ಎಡ ಕಾರ್ನರಿನಲ್ಲಿ ನಿಂತು, ಒಳಗೆ ಬಂದವನ ಕಣಕಾಲು ಹಿಡಿದು ಕೆಡವುವುದು ನನ್ನ ಕಸುಬು. ಅದಕ್ಕೆ ತಾಳ್ಮೆ ಬೇಕು. ರೈಡರು ಗೆರೆ ದಾಟಿದ ಕೂಡಲೇ ಮೈಮೇಲೆ ಬೀಳುವವನು ಹೆಡ್ಡ. ಬರಲಿ, ಇನ್ನೂ ಬರಲಿ ಎಂದು ಹಿಂದೆ ಹಿಂದೆ ಸರಿದು, ಅವನು ಆಳಕ್ಕೆ ಬಂದ ಮೇಲೆ ಗಬಕ್ಕನೆ ಹಿಡಿಯಬೇಕು. ಈ ಪಾಠವನ್ನು ನಾನು ನಾಲ್ಕು ತಾಲ್ಲೂಕುಗಳ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅನೇಕರು ಅದರಿಂದಲೇ ಪೊಲೀಸು, ರೈಲ್ವೆ ಅಂತ ಕೆಲಸ ಹಿಡಿದರು.

ಮೊದಲ ಪೋಸ್ಟಿಂಗು ನಾಗಮಂಗಲದ ಕಡೆ. ಅಲ್ಲಿ ಮೈದಾನ ಅಂತ ತೋರಿಸಿದ್ದು ಕಲ್ಲು ಹಾಸಿದ ಒಂದು ಇಳಿಜಾರು. ಬೆಳಿಗ್ಗೆ ಬಂದು ಎಲ್ಲರೂ ಸಾಲಾಗಿ ಕೂತು ಕಲ್ಲು ಆಯುವುದೇ ನಮ್ಮ ವ್ಯಾಯಾಮ. ಹೇಳದೆ ಬಗ್ಗಿ ಕಲ್ಲು ಎತ್ತುವ ಹುಡುಗನನ್ನು ಗುರುತಿಟ್ಟುಕೊಳ್ಳುತ್ತಿದ್ದೆ; ಅವನು ಆಡಿಯೇ ಆಡುತ್ತಾನೆಂದು ನನ್ನ ಲೆಕ್ಕ. ಒಂದೆರಡು ಸಲ ಲೆಕ್ಕ ತಪ್ಪಿ, ಬರೀ ಕಲ್ಲು ಆಯುವುದರಲ್ಲೇ ನಿಪುಣರಾದವರೂ ಸಿಕ್ಕರೆನ್ನಿ.

ಪಾಂಡವಪುರದಲ್ಲಿದ್ದಾಗ ಒಬ್ಬ ಪ್ರಾಂಶುಪಾಲರಿದ್ದರು. ಬಲು ಉತ್ಸಾಹದ ಮನುಷ್ಯ. ಕ್ರೀಡಾಕೂಟದ ದಿನ ಮುಖ್ಯ ಅತಿಥಿಗಳ ಶಾಮಿಯಾನ ಓಟದ ಪಥಕ್ಕೆ ಅಡ್ಡ ಬಂತು. ಶಾಮಿಯಾನ ಸರಿಸಿ ಎಂದರೆ, "ಶಿವಣ್ಣೋರೆ, ಗೆಸ್ಟಿಗೆ ಬಿಸಿಲು ಬೀಳುತ್ತೆ. ಟ್ರ್ಯಾಕನ್ನೇ ಸ್ವಲ್ಪ ಒಳಗೆ ಬಗ್ಗಿಸಿ" ಎಂದರು. ಬೇಡ ಸಾರ್ ಎಂದರೂ ಕೇಳಲಿಲ್ಲ; ಸುಣ್ಣದ ಬಕೆಟ್ಟು ಹಿಡಿದು ತಾವೇ ಬಗ್ಗಿಸಿದರು. ಆ ದಿನ ಓಡಿದ ಪ್ರತಿಯೊಬ್ಬ ಹುಡುಗನೂ ಕಾಲೇಜಿನ ದಾಖಲೆ ಮುರಿದ. ಕೊನೇಲಿ ಬಂದವನೂ ಮುರಿದ! ಅತಿಥಿಗಳು ಭಾಷಣದಲ್ಲಿ ಈ ಮಣ್ಣಿನ ಗುಣವನ್ನು ಹೊಗಳಿದರು. ಆ ದಾಖಲೆಗಳನ್ನು ಬಣ್ಣದಲ್ಲಿ ಹಲಗೆ ಮೇಲೆ ಬರೆಸಿದ್ದೂ ಆಯಿತು. ಆಮೇಲಿನ ಹುಡುಗರು ಎಷ್ಟು ಓಡಿದರೂ ಅದನ್ನು ಮುಟ್ಟಲಾಗದೆ, "ಹಿಂದಿನೋರು ರಾಗಿ ಮುದ್ದೆ ತಿಂತಿದ್ರು ಸಾ, ಅದ್ಕೇ" ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಕೆಲವು ವರ್ಷ ಕಳೆದು, ಕೊನೆಗೆ ಕೆ.ಆರ್. ಪೇಟೆ ಕಡೆಯ ಒಂದು ಕಾಲೇಜಿಗೆ ಬಂದೆ. ಹೆಸರು ಬೇಡ. ಅಲ್ಲಿ ಮೈದಾನದ ಎರಡೂ ತುದಿಗೆ ಫುಟ್ಬಾಲಿನ ಗೋಲು ಕಂಬಗಳಿದ್ದವು. ಯಾವ ಕಾಲದಲ್ಲಿ ಯಾರು ನೆಟ್ಟರೋ, ಒಂದರ ಮೇಲೆ ಹಾಸ್ಟೆಲ್ಲಿನ ಹುಡುಗರು ಬಟ್ಟೆ ಒಣಹಾಕುತ್ತಿದ್ದರು. ಪ್ರಾಂಶುಪಾಲರು, "ಕಂಬ ಇದಾವಲ್ಲ ಶಿವಣ್ಣೋರೆ, ಸುಮ್ನೆ ಯಾಕೆ, ಫುಟ್ಬಾಲೂ ಆಡ್ಸಿ" ಎಂದರು. ಫುಟ್ಬಾಲಿನ ಬಗ್ಗೆ ನನಗೆ ಗೊತ್ತಿದ್ದುದು ಪರೀಕ್ಷೆಗೆ ಓದಿದಷ್ಟು. ಆದರೂ ಕಬಡ್ಡಿ ತಂಡದ ಹುಡುಗರನ್ನೇ ಸೇರಿಸಿ, ಇನ್ನು ನಾಲ್ಕು ಜನ ಓಟಗಾರರನ್ನು ಕೂಡಿಸಿ ತಂಡ ಕಟ್ಟಿದೆ. ಬೆನ್ನೆಲುಬಾಗಿ ನಿಂತವನು ಯೋಗೇಶ, ನಮ್ಮ ಕಬಡ್ಡಿ ಕ್ಯಾಪ್ಟನ್ನು, ಹೊಸಹೊಳಲಿನ ಹತ್ತಿರದ ಹಳ್ಳಿಯವನು. ಗೋಲಿಗೆ ನಿಂತವನು ಅವನ ಚಿಕ್ಕಪ್ಪನ ಮಗ ನಂಜುಂಡ. ಉದ್ದ ತೋಳು, ಕಮ್ಮಿ ಮಾತು. ನೆಲಕ್ಕೆ ಬಿದ್ದರೆ ನೋವಾಗುತ್ತದೆಂಬುದೇ ಗೊತ್ತಿಲ್ಲದವನಂತೆ ಬೀಳುತ್ತಿದ್ದ.

ಮೊದಲ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಹೋದೆವು. ಮೊದಲ ಪಂದ್ಯದಲ್ಲೇ ಏಳು ಗೋಲು ತಿಂದು ಬಂದೆವು. ನಾವು ಹೊಡೆದದ್ದು ಸೊನ್ನೆ. ಬಸ್ಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಪ್ರಾಂಶುಪಾಲರು, "ಗೋಲ್‌ಕೀಪರ್ ಏನ್ ನಿದ್ದೆ ಮಾಡ್ತಿದ್ನೇನ್ರೀ?" ಎಂದರು. ಹುಡುಗರೂ ಹಾಗೇ ಅಂದರು. ನಾನೂ ಹಾಗೇ ಎಂದುಕೊಂಡಿದ್ದೆ. ಸಂಜೆ ನಂಜುಂಡ ಸ್ಪೋರ್ಟ್ಸ್ ರೂಮಿಗೆ ಬಂದು ಕೈಗವಸನ್ನು ಮೇಜಿನ ಮೇಲಿಟ್ಟ.

"ನಾನ್ ಇನ್ಮೇಲ್ ನಿಂತ್ಕಳಾಕಿಲ್ಲ ಸಾ."

"ಯಾಕ್ಲಾ?"

"ಊರಲ್ಲಿ ಆಲಿನ ಡೈರಿತಾವ ಓದ್ರೆ ಮುರ್ಕಲ್ ಬಾಗ್ಲು ಬಂದ ಅಂತಾರೆ ಸಾ. ನಮ್ಮಪ್ಪನ್ ಮುಂದೇನೇ ಅಂತಾರೆ. ಬುಡಿ ಸಾ, ನಂಗಿದು ಆಗಾಕಿಲ್ಲ."

ಒಂದು ಸೋಲಿಗೆಲ್ಲ ಹೀಗೆ ಮಾಡಬಾರದು ಎಂದು ನಾಲ್ಕು ಮಾತು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಹೊರಟುಹೋದ. ಆಮೇಲೆ ಮೈದಾನದ ಕಡೆ ಬರುವುದಿರಲಿ, ನನ್ನನ್ನು ಕಂಡರೆ ಲೈಬ್ರರಿ ಕಡೆ ತಿರುಗುತ್ತಿದ್ದ. ಓದುವ ಹುಡುಗ ಲೈಬ್ರರಿಗೆ ಹೋದರೆ ಮೇಷ್ಟ್ರಿಗೆ ಖುಷಿಯಾಗಬೇಕು. ನನಗೆ ಆಗುತ್ತಿರಲಿಲ್ಲ.

ಮುಂದಿನ ವರ್ಷ ನಮ್ಮ ಕಾಲೇಜಿಗೆ ಕಾಮರ್ಸ್ ಪಾಠಕ್ಕೆ ಪವಿತ್ರ ಎಂಬ ಮೇಡಂ ಬಂದರು. ಪಾಲಹಳ್ಳಿಯವರು. ಮೈಸೂರಿನಲ್ಲಿ ಓದುವಾಗ ಫುಟ್ಬಾಲ್ ಆಡಿ, ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡದಲ್ಲಿ ಡಿಫೆಂಡರಾಗಿ ಇದ್ದವರು. ಅದನ್ನು ಅವರಾಗಿ ಹೇಳಿಕೊಳ್ಳಲಿಲ್ಲ. ಒಂದು ಸಂಜೆ ಮೈದಾನದ ಪಕ್ಕದಲ್ಲಿ ಹೋಗುತ್ತಿದ್ದಾಗ ಉರುಳಿ ಬಂದ ಚೆಂಡನ್ನು ಸೀರೆಯ ನೆರಿಗೆ ಎತ್ತಿ ಹಿಡಿದು ಪಾದದ ಒಳಬದಿಯಿಂದ ವಾಪಸ್ಸು ಕಳಿಸಿದರು. ಅದು ನೇರ ಯೋಗೇಶನ ಕಾಲಿಗೇ ಹೋಗಿ ನಿಂತಿತು. ಹುಡುಗರು ಬಾಯಿ ಬಿಟ್ಟುಕೊಂಡು ನಿಂತರು.

ಅಷ್ಟು ಹೊತ್ತಿಗೆ ಮೊಬೈಲಿನ ಕಾಲ ಬಂದಿತ್ತು. ನಾನು ಕೆಲಸಕ್ಕೆ ಸೇರಿದಾಗ ಆಟ ಮುಗಿದ ಮೇಲೆ ಉಳಿಯುತ್ತಿದ್ದುದು ಜಗಳ ಮಾತ್ರ. ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆ ಬಾಯಿಮಾತೇ ಸಾಕ್ಷಿ. ಈಗ ನಮ್ಮ ಹುಡುಗನೊಬ್ಬ ಆ ಏಳು ಗೋಲಿನ ಪಂದ್ಯವನ್ನು ಪೂರಾ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಪವಿತ್ರ ಮೇಡಂ ಅದನ್ನು ತರಿಸಿಕೊಂಡು, ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಮುಂದಿಟ್ಟರು. ಪ್ರಾಂಶುಪಾಲರೂ ಇದ್ದರು, ಯೋಗೇಶನೂ ಇದ್ದ, ಟೀ ಕುಡಿಯುತ್ತ ಇನ್ನೂ ನಾಲ್ಕು ಜನರಿದ್ದರು.

"ಸರ್, ತಪ್ಪು ತಿಳ್ಕೋಬೇಡಿ. ನಮ್ಮ ಹುಡುಗ್ರು ಫುಟ್ಬಾಲೇ ಆಡ್ತಿಲ್ಲ. ಕಬಡ್ಡಿ ಆಡ್ತಿದಾರೆ."

ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು.

ಅವರು ಒಂದೊಂದೇ ಗೋಲಿನ ಹತ್ತಿರ ಚಿತ್ರ ನಿಲ್ಲಿಸಿದರು. "ಚೆಂಡು ನೋಡ್ಬೇಡಿ ಸರ್. ನಮ್ಮೋರು ಎಲ್ಲಿದಾರೆ ನೋಡಿ." ನೋಡಿದೆ. ಏಳೂ ಸಲ ಒಂದೇ ದೃಶ್ಯ. ಎದುರಾಳಿ ಚೆಂಡು ತರುತ್ತಿದ್ದಾನೆ. ನಮ್ಮವರು ಹಿಂದೆ ಹಿಂದೆ ಸರಿದು ಗೋಲಿನ ಮುಂದೆ ಅರ್ಧ ಚಂದ್ರಾಕಾರದಲ್ಲಿ ಬಗ್ಗಿ ನಿಂತಿದ್ದಾರೆ, ಕೈ ಅಗಲಿಸಿ, ಕಣ್ಣು ಅವನ ಕಾಲಿನ ಮೇಲೆ. ಒಬ್ಬನೂ ಮುಂದೆ ಹೋಗುತ್ತಿಲ್ಲ. ಕಬಡ್ಡಿ ಅಂಕಣದಲ್ಲಾಗಿದ್ದರೆ ನಾನೇ ಭೇಷ್ ಎನ್ನುತ್ತಿದ್ದ ನಿಲುವು.

"ಯಾಕೆ ಕಾಯ್ತಿದಾರೆ ಸರ್ ಇವ್ರು?"

"ಒಳಗೆ ಬರ್ಲಿ ಅಂತ. ಬಂದ್ರೆ ತಾನೆ ಹಿಡಿಯೋದು?"

"ಕಬಡ್ಡೀಲಿ ಅದು ಸರಿ ಸರ್. ರೈಡರು ಎಷ್ಟೇ ಒಳಗೆ ಬಂದ್ರೂ ಉಸಿರು ಮುಗಿಯೋದ್ರೊಳಗೆ ವಾಪಸ್ ಹೋಗಿ ಗೆರೆ ಮುಟ್ಬೇಕು. ಅದ್ಕೇ ಒಳಗೆ ಬಿಟ್ಕೊಂಡು ಹಿಡೀಬಹುದು. ಇಲ್ಲಿ ಅವನು ವಾಪಸ್ ಹೋಗ್ಬೇಕಾಗೇ ಇಲ್ವಲ್ಲ! ಬಂದ, ಒದ್ದ, ಮುಗೀತು."

ಯೋಗೇಶ ತಲೆ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ನಮ್ ಕರ್ಮವೇ, ದಿಟ ಕಣ್ ಸಾ" ಎಂದ.

ಮೇಡಂ ಮತ್ತೊಂದು ತೋರಿಸಿದರು. ಹೊಡೆತಗಳೆಲ್ಲ ಬಂದಿದ್ದು ದೂರದಿಂದ. ಗೋಲಿನ ಮುಂದೆ ನಮ್ಮವರೇ ಎಂಟು ಜನ ಗೋಡೆ ಕಟ್ಟಿ ನಿಂತಿದ್ದರಿಂದ ನಂಜುಂಡನಿಗೆ ಏನೂ ಕಾಣುತ್ತಿರಲಿಲ್ಲ. ಚೆಂಡು ಯಾರದೋ ಕಾಲುಗಳ ಸಂದಿಯಿಂದ ಹೊರಬಂದಾಗಲೇ ಅವನಿಗೆ ಮೊದಲ ದರ್ಶನ. "ಈ ಹುಡುಗ ಮೂರು ಕಡೆ ಬೆರಳು ತಾಗಿಸಿದಾನೆ ಸರ್, ನೋಡಿ. ಕಾಣದೆ ಇದ್ರೂ ತಾಗಿಸಿದಾನೆ. ಇವನನ್ನ ಯಾಕೆ ಬಿಟ್ರಿ?"

ನಾವು ಬಿಡಲಿಲ್ಲ, ಅವನೇ ಬಿಟ್ಟ ಎಂದು ಹೇಳಿ ನಾನು ಎದ್ದುಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ರೇಗಿತ್ತು. ಹೇಳುವುದಿದ್ದರೆ ಮೈದಾನದಲ್ಲಿ ಪಕ್ಕಕ್ಕೆ ಕರೆದು ಹೇಳಬಾರದಿತ್ತೇ, ಟೀ ಕುಡಿಯುವವರ ಮುಂದೆಯೇ ಆಗಬೇಕಿತ್ತೇ? ಮನೆಗೆ ಬಂದು ಹೆಂಡತಿಯ ಮುಂದೆ ಒಂದು ಗಂಟೆ ಹಾರಾಡಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡು, "ಆಯಮ್ಮ ಏಳಿದ್ದು ದಿಟ್ವೋ ಸುಳ್ಳೋ, ಅಷ್ಟ್ ಏಳಿ" ಎಂದಳು. ನಾನೂ ಕಾಯಿ ಸುಲಿಯಲು ಕೂತೆ.

ಬೆಳಿಗ್ಗೆ ಹುಡುಗರು ಬರುತ್ತಿದ್ದಂತೆ, "ನಾನ್ ಇವತ್ತು ಗೋಲಿಗೆ ನಿಂತ್ಕತೀನಿ. ನೀವು ಹೋದ್ಸಲ ನಿಂತಂಗೆ ನಿಂತ್ಕಳಿ. ಲೋಕಿ, ನೀನು ದೂರದಿಂದ ಒದಿ" ಎಂದೆ. ಲೋಕಿ ನಮ್ಮ ತಂಡದ ರೈಡರು, ಚಿಗರೆ ಹಾಗೆ ಓಡುವವನು. ಹುಡುಗರು ಹಲ್ಲು ಕಿರಿದರು. ನಾನು ಕಂಬಗಳ ಮಧ್ಯೆ ನಿಂತು ಮುಂದೆ ನೋಡಿದೆ. ಬರೀ ಬೆನ್ನುಗಳು. ಬೆನ್ನುಗಳ ಆಚೆ ಎಲ್ಲೋ "ದಪ್" ಎಂದು ಸದ್ದಾಯಿತು. ಚೆಂಡು ಎಲ್ಲಿಂದ ಬಂತೋ ಗೊತ್ತಿಲ್ಲ, ಹೊಟ್ಟೆಗೆ ಬಂದು ಬಡಿದು ನಾನು ಬಲೆಯೊಳಗೆ ಕೂತಿದ್ದೆ. "ಸಾ, ತಡುದ್ರಿ ಸಾ!" ಎಂದು ಲೋಕಿ ಚಪ್ಪಾಳೆ ತಟ್ಟಿದ. ಬಲೆಯೊಳಗೆ ಕೂತುಕೊಂಡೇ ನಾನು ಆ ಏಳು ಗೋಲುಗಳನ್ನು ನೆನೆದೆ. ಈ ಕುರುಡು ಜಾಗದಲ್ಲಿ ಹುಡುಗ ಒಂದೂವರೆ ಗಂಟೆ ನಿಂತಿದ್ದ. ಅದರ ಮೇಲೆ ಬೈಸಿಕೊಂಡಿದ್ದ. ನನಗೆ ಬಹಳ ಬೇಜಾರಾಯಿತು.

ಅವತ್ತೇ ಪವಿತ್ರ ಮೇಡಂ ಹತ್ತಿರ ಹೋಗಿ, "ಹೊಟ್ಟೆಗೆ ಏಟು ಬಿದ್ಮೇಲೆ ಅರ್ಥ ಆಯ್ತು ಮೇಡಂ. ಮುಂದೇನು ಹೇಳಿ" ಎಂದೆ. ಅವರು ನಗಲಿಲ್ಲ. "ಕಬಡ್ಡಿ ಮರೀರಿ ಅಂತ ಹುಡುಗ್ರಿಗೆ ಹೇಳ್ಬೇಡಿ ಸರ್. ಅದು ಅವ್ರ ಮೈಯಲ್ಲಿದೆ. ಗೆರೇನ ಮುಂದಕ್ಕೆ ತನ್ನಿ ಸಾಕು" ಎಂದರು.

ಅಂದರೆ ಹೀಗೆ. ಮೈದಾನದ ನಡುಗೆರೆಗಿಂತ ಸ್ವಲ್ಪ ಹಿಂದೆ ನಾನೊಂದು ಸುಣ್ಣದ ಗೆರೆ ಎಳೆದೆ. ನಮ್ಮ ಡಿಫೆಂಡರುಗಳು ಅದಕ್ಕಿಂತ ಹಿಂದೆ ಸರಿಯುವ ಹಾಗಿಲ್ಲ. ಎದುರಾಳಿ ಬಂದರೆ ಅಲ್ಲೇ, ಇಬ್ಬರಿಬ್ಬರು ಜೋಡಿಯಾಗಿ, ಕಬಡ್ಡಿಯಲ್ಲಿ ಸರಪಳಿ ಕಟ್ಟಿ ಸುತ್ತುವರಿಯುವ ಹಾಗೆ ಸುತ್ತುವರಿಯಬೇಕು. ಒಬ್ಬ ಮುಂದೆ ಹೋದರೆ ಇನ್ನೊಬ್ಬ ಅವನ ಹೆಗಲ ಹಿಂದೆ. ಮೊದಲ ದಿನ ಹುಡುಗರು ಅಭ್ಯಾಸಬಲದಿಂದ ನಿಜವಾಗಿಯೂ ಕೈ ಕೈ ಹಿಡಿದುಕೊಂಡೇ ಓಡಿದರು. ಹಾದಿಯಲ್ಲಿ ಹೋಗುತ್ತಿದ್ದ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ವಾರದಲ್ಲಿ ಕೈ ಬಿಟ್ಟರು, ಜೋಡಿ ಬಿಡಲಿಲ್ಲ.

ಆದರೆ ಹಾಗೆ ಎಲ್ಲರೂ ಮುಂದೆ ಬಂದರೆ ಹಿಂದೆ ಬಯಲು ಬಯಲು. ಆ ಬಯಲಿಗೆಲ್ಲ ಒಬ್ಬನೇ ಕಾವಲು. ಕಂಬ ಬಿಟ್ಟು ಮುಂದೆ ಬಂದು, ತಲೆ ಮೇಲಿಂದ ಬಿದ್ದ ಚೆಂಡಿಗೆ ಓಡಬೇಕು. ಇಡೀ ಮೈದಾನ ನೋಡಿ ಮುಂದಿನವರಿಗೆ ಕೂಗಿ ಹೇಳಬೇಕು. ಅದಕ್ಕೆ ಹೆದರದೆ ಬೀಳುವ, ಉದ್ದ ತೋಳಿನ ಹುಡುಗನೇ ಬೇಕು. ನಾವು ಆ ಭಾನುವಾರ ನಂಜುಂಡನ ಊರಿಗೆ ಹೋದೆವು, ನಾನು, ಮೇಡಂ, ಯೋಗೇಶ.

ನಂಜುಂಡ ಕೊಟ್ಟಿಗೆಯಲ್ಲಿದ್ದ. ನಮ್ಮನ್ನು ಕಂಡವನೇ ಸಗಣಿ ಪುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದ. ಅವನ ತಂದೆ ಚಾಪೆ ಹಾಕಿ ಕೂರಿಸಿದರು. "ಓದ್ಕಳ್ಳಿ ಬುಡಿ ಸಾ ಅವ್ನು. ಆ ಒದಿಯಾಟ ನಮ್ಗ್ಯಾಕೆ? ಮನ್ಸಿಗೆ ಅಚ್ಕೊಂಡವ್ನೆ. ಒಂದ್ ತಿಂಗ್ಳು ಸರ್ಯಾಗ್ ಊಟ ಮಾಡ್ನಿಲ್ಲ" ಎಂದರು. ಹಿಂದಿನಿಂದ ಅವನ ತಾಯಿ, "ಈಗ್ಲಾರೂ ನಿಮ್ಗೆ ಗೊತ್ತಾಯ್ತಲ್ಲ" ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಕೊಟ್ಟಿದ್ದ ಮಜ್ಜಿಗೆಯ ಲೋಟವನ್ನು ನಾನು ಕೆಳಗಿಟ್ಟೆ.

ಪವಿತ್ರ ಮೇಡಂ ಹಿತ್ತಲಿಗೆ ಹೋಗಿ ತಿಪ್ಪೆಯ ಪಕ್ಕ ನಿಂತು ಮೊಬೈಲು ತೆಗೆದು ನಂಜುಂಡನಿಗೆ ತೋರಿಸಿದರು. ಅವನು ಬೇಡ ಬೇಡ ಎಂದು ಮುಖ ತಿರುಗಿಸುತ್ತಿದ್ದ. ಅವರು, "ನಿನ್ನ ನೋಡ್ಕೋಬೇಡ ಕಣೋ. ಮಿಕ್ಕೋರು ಎಲ್ಲಿದಾರೆ ನೋಡು" ಎಂದರು. ಆಗ ನೋಡಿದ. ಒಂದು ಸಲ ನೋಡಿದ, ಇನ್ನೊಂದು ಸಲ ತಾನೇ ಒತ್ತಿ ನೋಡಿದ. ಆಮೇಲೆ ಯೋಗೇಶನ ಕಡೆ ತಿರುಗಿ, ಅಳು ಬಂದ ದನಿಯಲ್ಲಿ, "ನೀವೆಲ್ಲಾ ಎಲ್ಲಣ್ಣ ನಿಂತಿದ್ರಿ?" ಎಂದ. ಒಂದು ವರ್ಷ ತಲೆ ಮೇಲೆ ಹೊತ್ತಿದ್ದನ್ನು ಆ ಹುಡುಗ ಆಗ ಕೆಳಗಿಟ್ಟ.

ಯೋಗೇಶ, "ನಿನ್ ತಾವ್ಕೇ ಬಂದ್ ನಿಂತಿದ್ವು ಕಣ್ಲಾ. ಅದೇ ತಪ್ಪಾಗಿದ್ದು. ಬಾ, ಈಗ ದೂರ ನಿಂತ್ಕತೀವಿ" ಎಂದ.

"ನೋಡ್ತೀನಿ" ಎಂದ ನಂಜುಂಡ. "ಈ ಸಲ್ವೂ ಅಂಗೇ ಆದ್ರೆ, ಆಮೇಲ್ ನನ್ನ ಕರೀಬೇಡಿ ಸಾ." ಅಷ್ಟಕ್ಕೇ ನಾನು ದೇವರಿಗೆ ಕೈ ಮುಗಿದೆ.

ಬಂದ ಮೇಲೆ ಹೊಸ ಪೀಕಲಾಟ. ಗೋಲ್‌ಕೀಪರು ಕೂಗಬೇಕು. ನಂಜುಂಡನಿಗೆ ಕೂಗಲು ಸಂಕೋಚ. ಮುಂದೆ ನಿಂತವರೆಲ್ಲ ಅಣ್ಣಂದಿರು, ಒಬ್ಬ ವರಸೆಯಲ್ಲಿ ಮಾವ. "ಅಣ್ಣಾ, ವಸಿ ಮುಂದ್ಕೋಗ್ತೀರಾ?" ಎಂದು ಮರ್ಯಾದೆಯಾಗಿ ಕೇಳುವಷ್ಟರಲ್ಲಿ ಲೋಕಿ ಗೋಲು ಹೊಡೆದು ವಾಪಸ್ ಬಂದಿರುತ್ತಿದ್ದ. ಯೋಗೇಶನೇ ಕೊನೆಗೆ, "ಲೇ, ಅಣ್ಣ ಗಿಣ್ಣ ಎಲ್ಲಾ ಮನೇಲಿಟ್ಕೊ. 'ಗೆರೆ' ಅಂತ ಅರ್ಚು ಸಾಕು, ನಾವು ಓಡ್ತೀವಿ" ಎಂದ. ಮೊದಲ ನಾಲ್ಕು ದಿನ ಆ ಮಾತೂ ಬೆಕ್ಕಿನ ಮರಿಯಂತೆ ಬರುತ್ತಿತ್ತು. ಮೇಡಂ ಮೈದಾನದ ಆ ತುದಿಗೆ ಹೋಗಿ ನಿಂತು, "ನಂಗೆ ಕೇಳಿಸ್ಲಿಲ್ಲ!" ಎನ್ನುತ್ತಿದ್ದರು. ಕೇಳಿಸುವವರೆಗೆ ಬಿಡುತ್ತಿರಲಿಲ್ಲ.

ಆ ವರ್ಷದ ಪಂದ್ಯಾವಳಿ ಶ್ರೀರಂಗಪಟ್ಟಣದಲ್ಲಿ ನಡೆಯಿತು. ನನಗೆ ಅದೇ ಕೊನೆಯ ವರ್ಷ. ಮೊದಲ ಪಂದ್ಯಕ್ಕೆ ಬಂದವರು ನಮಗೆ ಏಳು ಹೊಡೆದವರಲ್ಲ, ಆದರೆ ಅವರಿಗಿಂತ ಏನೂ ಕಮ್ಮಿಯಿಲ್ಲದ ನಗರದ ಹುಡುಗರು. ಬಣ್ಣ ಬಣ್ಣದ ಬೂಟು. ನಮ್ಮವರ ಗೆರೆ ಅಷ್ಟು ಮುಂದೆ ನಿಂತಿದ್ದನ್ನು ನೋಡಿ ಅವರ ಕೋಚು ನಕ್ಕಿದ್ದನ್ನು ನಾನು ಕಂಡೆ. ಅವರು ಚೆಂಡನ್ನು ತಲೆ ಮೇಲಿಂದ ಹಿಂದಿನ ಬಯಲಿಗೆ ಒದ್ದರು. ಒಮ್ಮೆ ಅವರ ಹುಡುಗ ನಮ್ಮ ಗೆರೆ ದಾಟಿ ಮೊದಲೇ ನಿಂತಿದ್ದರಿಂದ ಆಫ್‌ಸೈಡು. ಇನ್ನೊಮ್ಮೆ ನಂಜುಂಡ ಓಡಿಬಂದು ಒದ್ದು ಹೊರಗೆ ಹಾಕಿದ. ಮತ್ತೊಮ್ಮೆ ಎದುರಾಳಿಯ ಕಾಲಿನ ಮುಂದೆಯೇ ಬಿದ್ದು ಚೆಂಡನ್ನು ಎದೆಗವಚಿಕೊಂಡ. ಉಳಿದಂತೆ ನಡುಗೆರೆಯ ಹತ್ತಿರ ಯೋಗೇಶನ ಸರಪಳಿ ಬಂದವರನ್ನು ಬಂದ ಹಾಗೇ ಮುತ್ತುತ್ತಿತ್ತು. ವಿರಾಮದಲ್ಲಿ ನಂಜುಂಡ ನೀರು ಕುಡಿಯುತ್ತ, "ಸಾ, ನನ್ತಾವ್ಕೆ ಬಾಲೇ ಬತ್ತಿಲ್ವಲ್ಲ ಸಾ" ಎಂದು ದೂರು ಹೇಳಿದ. ಆ ದೂರು ಕೇಳಿ ನನಗಾದ ಸಂತೋಷ ಯಾವ ಬಡ್ತಿಯಲ್ಲೂ ಆಗಿರಲಿಲ್ಲ.

ವಿರಾಮದ ಮೇಲೆ ಲೋಕಿ ನಡುವಿನಲ್ಲಿ ಚೆಂಡು ಕಿತ್ತುಕೊಂಡು ಓಡಿದ. ಅವನು ಹೊಡೆದದ್ದು ಎಲ್ಲಿಗೋ, ಅವರ ಡಿಫೆಂಡರಿನ ಮೊಣಕಾಲಿಗೆ ತಾಗಿ ಹೋದದ್ದು ಬಲೆಗೆ. ಹೇಗಾದರೇನು, ಗೋಲು! ನಾನು ಪಂಚಾಯ್ತಿ ಗೆದ್ದವನ ಹಾಗೆ ಕುಣಿದೆ.

ಕೊನೆಯ ಕೆಲವು ನಿಮಿಷ ಉಳಿದಿದ್ದವು. ಅವರು ಮೇಲೆ ಮೇಲೆ ಬೀಳುತ್ತಿದ್ದರು. ಇಷ್ಟು ವರ್ಷದ ಕಬಡ್ಡಿ ನನ್ನ ಗಂಟಲಿಗೆ ಬಂದು ಕೂತಿತು. ಗೆರೆ ಪಕ್ಕದಲ್ಲಿ ಓಡುತ್ತ, "ಹಿಂದಕ್ಕೆ ಬನ್ರೋ! ಎಲ್ಲಾ ಹಿಂದಕ್ಕೆ ಬನ್ರೋ! ಗೋಲ್ ಮುಂದೆ ನಿಂತ್ಕಳ್ರೋ!" ಎಂದು ಕಿರುಚಿದೆ. ಯೋಗೇಶ ನನ್ನ ಮಾತು ಕೇಳಿ ಎರಡು ಹೆಜ್ಜೆ ಹಿಂದೆ ಇಟ್ಟೇಬಿಟ್ಟ. ಅವನ ಹಿಂದೆ ಇನ್ನಿಬ್ಬರು.

ಆಗ ಗೋಲಿನ ಕಡೆಯಿಂದ ಒಂದು ಕೂಗು ಬಂತು. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಗೆರೇ! ಲೇ ಯೋಗೇಸ, ಬರ್ಬ್ಯಾಡ ಇಂದ್ಕೆ! ಓಗ್ಲಾ ಮುಂದ್ಕೆ! ನಂಗೆ ಬಾಲ್ ಕಾಣ್ಬೇಕು!" ಆಮೇಲೆ ಅದೇ ದನಿಯಲ್ಲಿ ನನ್ನ ಕಡೆಗೆ, "ಸಾ! ನೀವ್ ಸುಮ್ಕಿರಿ ಸಾ! ನಾನ್ ನೋಡ್ಕತೀನಿ!"

ನಂಜುಂಡ ಕಂಬ ಬಿಟ್ಟು ಎಷ್ಟೋ ಮುಂದೆ ಬಂದು, ಎರಡೂ ಕೈಯಲ್ಲಿ ಅಣ್ಣಂದಿರನ್ನು ದನ ಅಟ್ಟುವ ಹಾಗೆ ಮುಂದಕ್ಕೆ ಅಟ್ಟುತ್ತಿದ್ದ. ಯೋಗೇಶ ಮರುಮಾತಿಲ್ಲದೆ ಓಡಿದ. ನಾನು ಬಾಯಿ ಮುಚ್ಚಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಪವಿತ್ರ ಮೇಡಂ ನನ್ನ ಕಡೆ ನೋಡದೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಂದು ಹೊಡೆತ ದೂರದಿಂದ ಬಂತು. ನಡುವೆ ಯಾರ ಬೆನ್ನೂ ಇರಲಿಲ್ಲ. ನಂಜುಂಡ ಅದು ಬರುವ ದಾರಿಯನ್ನೆಲ್ಲ ನೋಡುತ್ತ ನಿಂತು, ಹಿತ್ತಲಲ್ಲಿ ತೆಂಗಿನಕಾಯಿ ಹಿಡಿಯುವವನ ಹಾಗೆ ಹಿಡಿದ. ರೆಫರಿ ವಿಷಲ್ ಊದಿದರು. ನಾವು ಗೆದ್ದಿದ್ದೆವು.

ಮರುದಿನದ ಪಂದ್ಯ ಸೋತೆವು, ಎರಡು ಗೋಲಿಗೆ. ಅವರು ನಮಗಿಂತ ಚೆನ್ನಾಗಿ ಆಡಿದರು, ಅಷ್ಟೇ. ಪಂದ್ಯಾವಳಿ ನಮ್ಮ ಪಾಲಿಗೆ ಮುಗಿಯಿತು.

ಪಾಂಡವಪುರ ದಾಟಿ ಬಸ್ಸು ಕೆ.ಆರ್. ಪೇಟೆ ಕಡೆ ಹೊರಟಾಗ ನಂಜುಂಡ ಕಿಟಕಿ ಪಕ್ಕ ಕೂತು ಹೊರಗೆ ಕಬ್ಬಿನ ಗದ್ದೆಗಳನ್ನೇ ನೋಡುತ್ತಿದ್ದ. ನನಗೆ ಒಳಗೊಳಗೇ ಭಯ. ನಿನ್ನೆಯದೆಲ್ಲ ಇವತ್ತಿನ ಎರಡು ಗೋಲಿನಲ್ಲಿ ಕೊಚ್ಚಿಹೋಯಿತೇನೋ, ಮತ್ತೆ ಮೇಜಿನ ಮೇಲೆ ಕೈಗವಸು ಇಡುತ್ತಾನೇನೋ ಎಂದು. ಅವರ ಊರಿಗೆ ತಿರುಗುವ ರಸ್ತೆಯ ಗೇಟು ಬಂತು. ಯೋಗೇಶ ಇಳಿದ. ನಂಜುಂಡ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಸೀಟಿನ ಹತ್ತಿರ ನಿಂತ.

"ಸಾ, ನಾಳಿಕೆ ಪ್ರಾಕ್ಟೀಸು ಎಷ್ಟೊತ್ಗೆ?"

"ಪಂದ್ಯಾವಳಿ ಮುಗೀತಲ್ಲೋ. ನಾಳೆ ಯಾತರ ಪ್ರಾಕ್ಟೀಸ್ಲಾ?"

"ಎರ್ಡು ಗೋಲು ಒಳಿಕ್ಕೋದ್ವಲ್ಲ ಸಾ" ಎಂದ ನಂಜುಂಡ. "ಯಾಕ್ ಓದ್ವು ಅಂತ ನೋಡ್ಬ್ಯಾಡ್ವಾ? ಮೇಡಮ್ಮೋರ್ಗೂ ಬರಾಕೇಳಿ."